ಮಿಸ್ತ್ರಿ ಒಬ್ಬರೇ ಸಾಕು

ಘಾಟ್‌ಕೋಪರ್ ಪಶ್ಚಿಮ, ಮುಂಬೈ
೧೨ ಫೆಬ್ರವರಿ ೨೦೨೪

ಮಗಳು ಸೋನಾಲಿಗೆ,

ಅಪ್ಪನ ಪತ್ರ ಬಂತೆಂದು ಗಾಬರಿಯಾಗಬೇಡ. ಮನೆಯಲ್ಲಿ ಇಬ್ಬರೂ ಆರಾಮ. ಪೊಲೀಸ್ ಟ್ರೇನಿಂಗಿನಲ್ಲಿ ನಿಮ್ಮ ಮೊಬೈಲುಗಳನ್ನು ತೆಗೆದಿಟ್ಟು, ಭಾನುವಾರ ಮಾತ್ರ ಒಂದಿಷ್ಟು ಹೊತ್ತು ಕೊಡುತ್ತಾರಲ್ಲ, ಆ ಹೊತ್ತನ್ನೆಲ್ಲ ನಿನ್ನ ಅವ್ವನೇ ತಿಂದುಬಿಡುತ್ತಾಳೆ. ಫೋನು ನನ್ನ ಕೈಗೆ ಬರುವಷ್ಟರಲ್ಲಿ ಅತ್ತಲಿಂದ ಶೀಟಿ ಊದುವುದು ಕೇಳಿಸುತ್ತದೆ. ನೀನು ‘ಅಪ್ಪಾ, ಬೈ’ ಎನ್ನುತ್ತೀ. ಅದಕ್ಕೇ ಪೋಸ್ಟಾಫೀಸಿನಿಂದ ಲಕೋಟೆ ತಂದೆ. ಆಳಂದದ ಸಾಲೆಯಲ್ಲಿ ಹತ್ತನೇ ಇಯತ್ತೆಯವರೆಗೆ ಓದಿದವನು ನಾನು. ಗಾರೆಯ ಕರಣಿ ಹಿಡಿದು ಹಿಡಿದು ಕೈ ಪೆನ್ನು ಮರೆತಿದೆಯೋ ಏನೋ ನೋಡೋಣ ಎಂದು ಕೂತಿದ್ದೇನೆ.

ಕೆಲಸದ ಸುದ್ದಿ ಹೇಳುತ್ತೇನೆ. ಕೊರೊನಾದಲ್ಲಿ ನಾವು ಟ್ರಕ್ಕಿನ ಹಿಂದೆ ಕೂತು ಊರಿಗೆ ಹೋದದ್ದು, ಮರುವರ್ಷ ತಿರುಗಿ ಬಂದಾಗ ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ನಾಯಿ ಸಹ ಇರಲಿಲ್ಲ ಎಂದು ನೀನು ನಕ್ಕದ್ದು ನೆನಪಿರಬೇಕು. ಈಗ ಹಾಗಿಲ್ಲ. ಘಾಟ್‌ಕೋಪರಿನಲ್ಲಿ ಎತ್ತ ನೋಡಿದರೂ ಹಳೇ ಸೊಸೈಟಿ ಕೆಡವುವುದು, ಟವರ್ ಎಬ್ಬಿಸುವುದು ನಡೆದಿದೆ. ಕೆಲಸ ತಿರುಗಿ ಬಂದಿದೆ, ಆದರೆ ಹೋದಾಗಿನ ಮುಖ ಹೊತ್ತು ಬಂದಿಲ್ಲ. ಮೊದಲು ನಾಕಾದಲ್ಲಿ ಬೆಳಿಗ್ಗೆ ನಿಂತರೆ ಠೇಕೇದಾರರು ‘ಜೋಡಿ ಬೇಕು’ ಎನ್ನುತ್ತಿದ್ದರು. ನಾನು ಪ್ಲಾಸ್ಟರ್ ಬಳಿಯುವವನು, ನಿನ್ನ ಅವ್ವ ಸಿಮೆಂಟಿನ ಮಾಲು ಕಲಸಿ ತಲೆಯ ಮೇಲೆ ಹೊತ್ತು ಕೊಡುವವಳು. ಇಬ್ಬರಿಗೂ ಒಂದೇ ಮಾತಿನಲ್ಲಿ ಕೂಲಿ. ಈಗ ಕಾಂಕ್ರೀಟು ಲಾರಿಯಲ್ಲಿ ಕಲಸಿಕೊಂಡೇ ಬರುತ್ತದೆ, ಮೇಲಕ್ಕೆ ಪೈಪಿನಲ್ಲೇ ಹೋಗುತ್ತದೆ. ಠೇಕೇದಾರರು ನನ್ನನ್ನು ನೋಡಿ, ಅವಳನ್ನು ನೋಡಿ, ‘ಮಿಸ್ತ್ರಿ ಒಬ್ಬರೇ ಸಾಕು, ಬಾಯಿ ಬೇಡ’ ಎನ್ನುತ್ತಾರೆ. ಹೆಂಗಸಾಳು ಅಂದರೆ ಇವರಿಗೆಲ್ಲ ಬಾಯಿ.

ಮದುವೆಯಾದ ಮೇಲೆ ನಾವು ಬೇರೆ ಬೇರೆ ಕೆಲಸಕ್ಕೆ ಹೋದದ್ದೇ ಇಲ್ಲ. ಈಗ ನಾನು ಟೆಂಪೋ ಹತ್ತುತ್ತೇನೆ, ಅವಳು ಮುಚ್ಚಿಹೋದ ಫೋಟೋ ಸ್ಟುಡಿಯೋದ ಮೆಟ್ಟಿಲ ಹತ್ತಿರ ನಿಂತಿರುತ್ತಾಳೆ. ಬಿಸಿಲು ಏರಿ ನಾಕಾ ಖಾಲಿಯಾದ ಮೇಲೆ ಮನೆಗೆ ಹೋಗುತ್ತಾಳೆ. ಮರುದಿನ ಮತ್ತೆ ಬರುತ್ತಾಳೆ. ‘ಯಾಕ ಬರ್ತಿ?’ ಎಂದರೆ ಸೆರಗು ಸರಿ ಮಾಡಿಕೊಂಡು ರಸ್ತೆ ನೋಡುತ್ತಾಳೆ.

ಹೋದ ವಾರ ಒಬ್ಬ ಹುಡುಗಿ ಬಂದಿದ್ದಳು, ಶ್ರೇಯಾ ಅಂತ. ಉಪನಗರ ಜಿಲ್ಲೆಯಲ್ಲಿ ಯಾರಿಗೆ ಕೆಲಸ ಇದೆ, ಯಾರಿಗಿಲ್ಲ ಎಂದು ಒಂದು ಸಂಸ್ಥೆಯವರು ಸರ್ವೆ ಮಾಡುತ್ತಿದ್ದಾರಂತೆ. ಕೈಯಲ್ಲಿ ಟ್ಯಾಬ್. ಅವಳ ತಾಯಿ ಕಾರವಾರದವಳಾದ್ದರಿಂದ ತೊದಲು ಕನ್ನಡ ಬರುತ್ತದೆ. ನಿನ್ನ ಅವ್ವನನ್ನು ಕೇಳಿದಳು: “ಆಂಟಿ, ಕಳೆದ ವಾರ ನೀವು ಕಾಮ್ ಮಾಡಿದ್ರಾ? ಇಲ್ಲಾಂದ್ರೆ ಮನೇಲಿ ಅಂತ ಹಾಕ್ಲಾ? ಹೌಸ್‌ವೈಫ್?”

“ಮನ್ಯಾಗ ಕುಂತೀನಿ ಅಂತ ಬರೀಬ್ಯಾಡವಾ,” ಅಂದಳು ಇವಳು. “ನಾ ಇಲ್ಲಿ ನಿಂತೀನಿ. ದಿನಾ ನಿಂತೀನಿ. ನಿಂತೀನಿ ಅಂತ ಬರಿ.”

ಆ ಹುಡುಗಿ ಟ್ಯಾಬ್ ನೋಡಿ ಪೇಚಾಡಿದಳು. “ನಿಂತಿದಾರೆ ಅಂತ ಆಪ್ಷನ್ ಇಲ್ಲ ಆಂಟಿ. ‘ಕೆಲಸ ಹುಡುಕ್ತಿದಾರೆ’ ಅಂತ ಇದೆ. ಚಲೇಗಾ?”

“ಹಾಂ. ಅದನ್ನ ಒತ್ತು.”

ಒತ್ತಿದ್ದನ್ನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೇ ಬಿಟ್ಟಳು. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡುತ್ತಿದ್ದರು. ನನ್ನ ಟೆಂಪೋ ಹೊರಟಿತು. ಏನು ಮಾತಾಡಿದರೋ ತಿಳಿಯಲಿಲ್ಲ.

ಊಟ ಸರಿಯಾಗಿ ಮಾಡು. ಓಡುವಾಗ ಮೊಣಕಾಲು ನೋಡಿಕೋ.

ನಿನ್ನ ಅಪ್ಪ
ಅಣವೀರಪ್ಪ


ಪೊಲೀಸ್ ತರಬೇತಿ ಕೇಂದ್ರ
೩ ಮಾರ್ಚ್ ೨೦೨೪

ಅಪ್ಪಾ,

ನಿನ್ನ ಪತ್ರ ಬಂದ ದಿನ ನಮ್ಮ ಬ್ಯಾರಕ್ಕಿನಲ್ಲಿ ಹಬ್ಬ. ಇಲ್ಲಿ ಯಾರಿಗೂ ಪತ್ರ ಬರೋದಿಲ್ಲ, ಕೊರಿಯರ್ ಬರ್ತದೆ ಅಷ್ಟೆ. ಎಲ್ಲರೂ ‘ವಾಚ್ ನಾ, ವಾಚ್’, ಓದು ಓದು ಅಂತ ಮರಾಠಿಯಲ್ಲಿ ಬೆನ್ನು ಹತ್ತಿದರು. ಕನ್ನಡ ಅಕ್ಷರ ನೋಡಿ ಜಿಲೇಬಿ ಹಾಗೆ ಇದೆ ಅಂದರು. ಮುನಿಸಿಪಾಲ್ಟಿ ಕನ್ನಡ ಶಾಲೆ ಬಿಟ್ಟು ಎಷ್ಟೋ ವರ್ಷ ಆಯ್ತು, ನನ್ನ ಸ್ಪೆಲಿಂಗ್ ನೋಡಿ ನಗಬೇಡ.

ಬೆಳಿಗ್ಗೆ ಓಟ, ಪರೇಡ್, ಮಧ್ಯಾಹ್ನ ಕಾನೂನು ಕ್ಲಾಸ್. ರೈಫಲ್ ಭಾರ ಅನ್ನಿಸಿದಾಗ ಅವ್ವ ಹೊರುತ್ತಿದ್ದ ಮಾಲಿನ ಬುಟ್ಟಿ ನೆನಪಾಗ್ತದೆ. ಆಮೇಲೆ ಅಷ್ಟು ಭಾರ ಅನ್ನಿಸೋದಿಲ್ಲ.

ಅಪ್ಪಾ, ಅವ್ವನನ್ನು ನಾಕಾಕ್ಕೆ ಬರಬೇಡ ಅನ್ನಬೇಡ. ಅವಳು ಆರಾಮ ಇದ್ದಾಳೆ. ಇದಕ್ಕಿಂತ ಜಾಸ್ತಿ ನನ್ನನ್ನು ಕೇಳಬೇಡ.

ನಿನ್ನ
ಸೋನಾಲಿ


ಘಾಟ್‌ಕೋಪರ್
೨೭ ಮಾರ್ಚ್ ೨೦೨೪

ಸೋನಾಲಿ,

‘ಇದಕ್ಕಿಂತ ಜಾಸ್ತಿ ಕೇಳಬೇಡ’ ಎಂದು ನೀನು ಬರೆದದ್ದರ ಅರ್ಥ ಈಗ ಆಯಿತು. ನಿನಗೆ ಗೊತ್ತಿತ್ತು. ನನಗೆ ಗೊತ್ತಾದದ್ದು ಖಂಡಪ್ಪನಿಂದ. ಅವನು ನಮ್ಮ ಊರ ಕಡೆಯವನೇ, ಪ್ಲಾಸ್ಟರ್ ಕೆಲಸದ ಠೇಕೇದಾರ, ಬಾಯಿ ಸುಮ್ಮನಿರುವ ಮನುಷ್ಯನಲ್ಲ. ನಾಕಾದಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಗಟ್ಟಿಯಾಗಿ ಕೇಳಿದ: “ಏ ಅಣವೀರಪ್ಪಾ, ನಿನ್ನ ಹೇಣ್ತಿ ವಿಕ್ರೋಳಿ ಕಡಿ ದಿನಾ ಎಲ್ಲಿ ಹೋಗ್ಲತ್ತಾಳಪಾ? ತಲಿ ಮ್ಯಾಲ ಹಳದಿ ಟೊಪ್ಪಿಗಿ ಇತ್ತು, ಅಗದಿ ಇಂಜಿನಿಯರ್ ಕಂಡಂಗ ಕಂಡಳು.” ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ಸಂಜೆ ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ಕೇಳಿದೆ.

“ಕಲೀಲಾಕ ಹೋಗ್ತೀನಿ,” ಎಂದಳು.

“ಏನ ಕಲೀತಿ ಈ ವಯಸ್ಸಿನ್ಯಾಗ?”

“ಲಿಫ್ಟ್ ನಡಸೂದು. ಬಿಲ್ಡಿಂಗ ಕಟ್ಟೂ ಮುಂದ ಹೊರಗ ಹಚ್ಚಿರ್ತಾರಲ್ಲ, ಮಂದೀನ, ಮಾಲ ಹೊತ್ಕೊಂಡು ಮ್ಯಾಲ ಹೋಗೂ ಪಿಂಜರಾ, ಅದು.”

ಆ ಸರ್ವೆ ಹುಡುಗಿ ಶ್ರೇಯಾ ಹೇಳಿದ್ದಳಂತೆ. ಟವರುಗಳು ಹೆಚ್ಚಾಗಿವೆ, ಲಿಫ್ಟ್ ನಡೆಸುವವರು ಸಿಗುತ್ತಿಲ್ಲ, ಕೊರೊನಾದಲ್ಲಿ ಊರಿಗೆ ಹೋದ ಬಿಹಾರಿ, ಝಾರ್ಖಂಡಿ ಆಪರೇಟರುಗಳು ಎಷ್ಟೋ ಮಂದಿ ತಿರುಗಿ ಬಂದಿಲ್ಲ, ಹೆಂಗಸರಿಗೆ ಪುಕ್ಕಟೆ ಕಲಿಸುತ್ತಾರೆ ಎಂದು. ಇವಳಿಗೆ ಓದು ಬರುವುದಿಲ್ಲ, ಅಂಕಿ ಬರುತ್ತವೆ. ಅಷ್ಟರ ಮೇಲೆ ಹೋಗಿ ಹೆಸರು ಹಚ್ಚಿದ್ದಾಳೆ. ನಾನು ಟೆಂಪೋ ಹತ್ತಿದ ಮೇಲೆ ಬಸ್ಸು ಹತ್ತುತ್ತಾಳೆ.

ನನಗೆ ನಗು ಬಂತು ಸೋನಾಲಿ. ನಿಜವಾಗಿ ನಕ್ಕೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ. “ನಕ್ಕು ಮುಗೀತೇನು? ಮುಗದಿದ್ರ ಏಳ್ರಿ, ಕೈಕಾಲು ತೊಳ್ಕೋರಿ, ಊಟ ಮಾಡ್ರಿ,” ಎಂದಳು.

ತಾಯಿ ಮಗಳು ಸೇರಿ ನನ್ನಿಂದ ಮುಚ್ಚಿಟ್ಟದ್ದು ಯಾಕೆ? ನಾನು ಬೇಡ ಅನ್ನುತ್ತಿದ್ದೆನೇ?

ಅಣವೀರಪ್ಪ


ಪೊಲೀಸ್ ತರಬೇತಿ ಕೇಂದ್ರ
೧೪ ಏಪ್ರಿಲ್ ೨೦೨೪

ಅಪ್ಪಾ,

ಹೌದು, ನೀನು ಅನ್ನುತ್ತಿದ್ದೆ.

ನಾನು ಪೊಲೀಸ್ ಭರ್ತಿಗೆ ಓಡೋದಕ್ಕೆ ಹೋಗುವಾಗಲೂ ನೀನು ಮೊದಲು ನಕ್ಕಿದ್ದೆ. ಆಮೇಲೆ ನೀನೇ ಮೈದಾನದ ಹೊರಗೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ನಿನಗೆ ನಗೋದಕ್ಕೆ ಸ್ವಲ್ಪ ಟೈಮ್ ಕೊಡಬೇಕು, ಅಷ್ಟೇ. ಅವ್ವನಿಗೂ ಇದು ಗೊತ್ತಿದೆ.

ಸಿಟ್ಟು ಮಾಡಬೇಡ. ಪೆನ್ನು ಮುಗೀತಾ ಬಂದಿದೆ.

ಸೋನಾಲಿ


ಘಾಟ್‌ಕೋಪರ್
೧೯ ಮೇ ೨೦೨೪

ಸೋನಾಲಿ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಿಂದಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ.

ನಿನ್ನ ಅವ್ವ ಕಲಿತು ಮುಗಿಸಿದಳು. ಕೆಲಸವೂ ಸಿಕ್ಕಿತು. ಎಲ್ಲಿ ಗೊತ್ತೇ? ಘಾಟ್‌ಕೋಪರಿನಲ್ಲೇ, ಪೂರ್ವಕ್ಕೆ, ನೀನು ಚಿಕ್ಕವಳಿದ್ದಾಗ ನಾವಿಬ್ಬರೂ ಮಳೆಗಾಲಕ್ಕೆ ಮುಂಚೆ ಗೋಡೆ ರಿಪೇರಿ ಮಾಡಿದ ಹಳದಿ ಬಿಲ್ಡಿಂಗ್ ಇತ್ತಲ್ಲ, ಅದನ್ನು ಕೆಡವಿ ಎಬ್ಬಿಸುತ್ತಿರುವ ಟವರಿನಲ್ಲಿ. ಅಲ್ಲಿನ ಇಂಜಿನಿಯರ್ ಶಶಿಕಾಂತ ಸಾಹೇಬರು ಮೊದಲು ಒಂದು ವಾರ ನೋಡೋಣ ಎಂದರಂತೆ. ವಾರ ಕಳೆದು ತಿಂಗಳಾಯಿತು. ಇಷ್ಟರಲ್ಲಿ ಖಂಡಪ್ಪನಿಗೆ ಅದೇ ಟವರಿನ ಒಳಗಿನ ಪ್ಲಾಸ್ಟರ್ ಕೆಲಸ ಬಂತು. ನನ್ನನ್ನು ಕರೆದ. ಬೇಡ ಎನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ.

ಮೊದಲ ದಿನ ಬೆಳಿಗ್ಗೆ ಎಲ್ಲರೊಂದಿಗೆ ಸಾಲಿನಲ್ಲಿ ನಿಂತೆ. ಪಿಂಜರಾ ಕೆಳಗಿಳಿದು ಬಾಗಿಲು ತೆರೆಯಿತು. ಒಳಗೆ ಇವಳು. ಸೀರೆಯ ಮೇಲೆ ಕಿತ್ತಳೆ ಜಾಕೀಟು, ತಲೆಯ ಮೇಲೆ ಟೊಪ್ಪಿಗೆ, ಕೈ ಗುಂಡಿಯ ಮೇಲೆ. ನನ್ನನ್ನು ಗುರುತೇ ಇಲ್ಲದವಳ ಹಾಗೆ ನೋಡಿ ಕೇಳಿದಳು: “ಯಾವ ಮಜಲಾ?”

“ಹದಿನೆಂಟು,” ಅಂದೆ.

“ಬಾಗಿಲದಾಗ ಕೈ ಇಡಬ್ಯಾಡ್ರಿ.”

ಅಷ್ಟೇ ಮಾತು. ಖಂಡಪ್ಪ ಹಿಂದಿನಿಂದ “ವೈನೀ, ಇವರಿಗಿ ಟಿಕೀಟ ತಗೋರಿ!” ಎಂದು ಕೂಗಿದ. ಅವಳು ತಿರುಗಿ ನೋಡಲಿಲ್ಲ. ಬಾಗಿಲ ಕೊಂಡಿ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಎಳೆದು ನೋಡಿದಳು. ಆಮೇಲೆ ಗುಂಡಿ ಒತ್ತಿದಳು.

ನಾನು ಮುಂಬೈಯಲ್ಲಿ ಎಷ್ಟೋ ಎತ್ತರದ ಕಟ್ಟಡ ಹತ್ತಿದ್ದೇನೆ. ಆದರೆ ಪ್ಲಾಸ್ಟರ್ ಮಿಸ್ತ್ರಿಯ ಮುಖ ಯಾವಾಗಲೂ ಗೋಡೆಯ ಕಡೆಗೇ. ಆ ದಿನ ಜಾಳಿಗೆಯೊಳಗಿಂದ ಹೊರಗೆ ನೋಡಿದೆ. ಸ್ಟೇಷನ್ನು, ಒಂದರ ಬೆನ್ನಿಗೆ ಒಂದು ಬರುವ ಲೋಕಲ್, ಅದರ ಪಕ್ಕಕ್ಕೆ ಬಂದು ನಿಲ್ಲುವ ಮೆಟ್ರೋ, ಗುಡ್ಡದ ಮೇಲೆ ನಮ್ಮ ಚಾಳಿನ ನೀಲಿ ತಾಡಪತ್ರಿ, ಆ ಕಡೆ ಸಮುದ್ರದ ಖಾಡಿಯ ನೀರು. ಇದನ್ನು ಇವಳು ದಿನಕ್ಕೆ ಎಷ್ಟು ಸಲ ನೋಡುತ್ತಾಳೋ. ನನಗೊಂದು ದಿನವೂ ಹೇಳಲಿಲ್ಲವಲ್ಲ ಎನ್ನಿಸಿತು. ನಾನು ಕೇಳಿದ್ದೂ ಇಲ್ಲ.

ಮಂದಿ ಏನೇನೋ ಅನ್ನುತ್ತಾರೆ. ಬಾಯಿಯ ಲಿಫ್ಟಿಗೆ ಕಾಲಿಡುವುದಿಲ್ಲ ಎಂದು ಇಬ್ಬರು ಸೆಂಟ್ರಿಂಗ್‌ನವರು ಮೊದಲ ವಾರ ಕೂತೇ ಇದ್ದರಂತೆ. ಅವರೂ ಈಗ ‘ಸುಂದ್ರಾತಾಯಿ, ಉಪ್ಪರ್’ ಎಂದು ಕೂಗುತ್ತಾರೆ. ಪಿಂಜರಾ ನಿಲ್ಲುವಾಗ ಮೊದಲು ಗಡಕ್ಕನೆ ಜಗ್ಗುತ್ತಿತ್ತಂತೆ. ಇವಳು ನಿಲ್ಲಿಸಿದರೆ ಕೊಡದಲ್ಲಿನ ನೀರು ತುಳುಕುವುದಿಲ್ಲ. ಇದು ನಾನು ಹೇಳಿದ್ದಲ್ಲ, ರಾಜಸ್ಥಾನದ ಟೈಲ್ಸ್‌ನವರು ಹೇಳಿದ್ದು.

ಕನ್ನಡ ಸಂಘದ ವಾಚನಾಲಯದಲ್ಲಿ ಪೇಪರ್ ನೋಡಿದೆ. ಮುಂಬೈಯ ಉಪನಗರಗಳಲ್ಲಿ ಕೆಲಸಗಳು ಚೇತರಿಸಿಕೊಂಡಿವೆ ಎಂದು ಬರೆದಿತ್ತು. ಓದಿ ಮಡಚಿಟ್ಟೆ. ಚೇತರಿಸಿಕೊಂಡದ್ದು ಹೇಗಿರುತ್ತದೆ ಎಂದು ಪೇಪರಿನವರಿಗಿಂತ ಹತ್ತಿರದಿಂದ ನೋಡುತ್ತಿದ್ದೇನೆ ಎನ್ನಿಸಿತು.

ಇದನ್ನೆಲ್ಲ ಅವಳ ಮುಂದೆ ಹೇಳಬೇಡ. ತಲೆ ತಿರುಗೀತು.

ನಿನ್ನ ಅಪ್ಪ
ಅಣವೀರಪ್ಪ


ಘಾಟ್‌ಕೋಪರ್
೨೩ ಜೂನ್ ೨೦೨೪

ಸೋನಾಲಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನಿನ್ನ ಅವ್ವನ ಕೆಲಸ ಹೋಯಿತು. ಅವಳು ಫೋನಿನಲ್ಲಿ ಹೇಳಿರಲಿಕ್ಕಿಲ್ಲ, ಹೇಳಿದ್ದರೂ ಅರ್ಧ ಹೇಳಿರುತ್ತಾಳೆ.

ಗುರುವಾರ ಮಧ್ಯಾಹ್ನ ಮೋಡ ಕಟ್ಟಿ ಕತ್ತಲಾಯಿತು. ಪ್ಲಾಸ್ಟರಿನ ರೆಡಿಮಿಕ್ಸ್ ಚೀಲಗಳೆಲ್ಲ ಹೊರಗೆ ಬಯಲಿಗೆ ಬಿದ್ದಿದ್ದವು. ತೊಯ್ದರೆ ಕಲ್ಲಾಗುತ್ತವೆ. ಕೆಳಗೆ ಇಡಲು ಜಾಗವಿಲ್ಲ, ಎಲ್ಲ ಮೇಲೆ ಹೋಗಬೇಕು. ಶಶಿಕಾಂತ ಸಾಹೇಬರು ‘ಜಲ್ದೀ, ಜಲ್ದೀ’ ಎಂದು ಬೆನ್ನಿಗೆ ನಿಂತರು. ಖಂಡಪ್ಪ ಹುಡುಗರನ್ನು ಹಚ್ಚಿ ಪಿಂಜರಾದಲ್ಲಿ ಎದೆಮಟ ಒಟ್ಟಿಸಿದ. ಚೀಲಗಳ ನಡುವೆ ನಾವೂ ನಾಲ್ಕೈದು ಮಂದಿ ತೂರಿಕೊಂಡೆವು.

ನಿನ್ನ ಅವ್ವ ಗುಂಡಿಯಿಂದ ಕೈ ತೆಗೆದಳು. “ಆಗಂಗಿಲ್ಲ. ಭಾಳ ಆಗ್ಯಾದ. ಇಳಸ್ರಿ.”

“ವೈನೀ, ಒಂದs ಸಲ. ಮಳಿ ನಿಮಗ ಕಾಣ್ಲತ್ತಿಲ್ಲೇನು?” ಎಂದ ಖಂಡಪ್ಪ.

“ಮಳಿನೂ ಕಾಣ್ತದ, ಚೀಲನೂ ಕಾಣ್ತಾವ. ಇಳಸ್ರಿ.”

ಸಾಹೇಬರು ಹೊರಗಿನಿಂದ ಹಿಂದಿಯಲ್ಲಿ ಗದರಿದರು. ಭೋಂಗಾ ಹೊಡೆಯುತ್ತಿಲ್ಲವಲ್ಲ, ಭಾರ ಹೆಚ್ಚಾದರೆ ಮಷೀನೇ ಹೇಳುತ್ತದೆ, ನೀನ್ಯಾಕೆ ಹೇಳುತ್ತೀ ಎಂದರು. ಭೋಂಗಾ ಕೆಟ್ಟು ನಿಂತು ಮೂರು ದಿನವಾಯಿತೆಂದು ತಾನೇ ವರದಿ ಕೊಟ್ಟಿದ್ದೇನೆ ಎಂದಳು. ನಾವೆಲ್ಲ ಒದರಾಡುತ್ತಿದ್ದೆವು. ನಾನೂ ಒದರಿದೆ. ಕಲಸಿಟ್ಟ ಮಾಲು ಮೇಲೆ ಗಟ್ಟಿಯಾಗುತ್ತಿತ್ತು. “ಏ, ನಡಿ ಸಾಕು, ಮಂದ್ಯಾಗ ಏನ ಹಟ ಇದು!” ಎಂದೆ.

ಆಗ ಅವಳು ನನ್ನ ಕಡೆ ತಿರುಗಿದಳು. ಮನೆಯಲ್ಲಿ ನನ್ನನ್ನು ನೋಡುವ ನೋಟವಲ್ಲ ಅದು.

“ಮಿಸ್ತ್ರಿ, ಮೊದಲ ನೀವು ಇಳೀರಿ.”

ನಾನು ಇಳಿದೆ. ಇಳಿಯದೆ ಏನು ಮಾಡಲಿ? ನನ್ನ ಹಿಂದೆ ಉಳಿದವರು ಇಳಿದರು, ಚೀಲಗಳು ಇಳಿದವು. ಭಾರ ಸರಿಯಾಗುವವರೆಗೆ ಅವಳು ಬಾಗಿಲು ಹಾಕಲಿಲ್ಲ. ಅಷ್ಟರಲ್ಲಿ ಮಳೆ ಸುರಿಯಿತು. ಕೆಳಗುಳಿದ ಚೀಲಗಳೆಲ್ಲ ತೊಯ್ದು ಹಾಳಾದವು. ಸಾಹೇಬರ ಮುಖ ನೋಡುವ ಹಾಗಿರಲಿಲ್ಲ. ಸಂಜೆ ಅವಳಿಂದ ಟೊಪ್ಪಿಗೆ, ಜಾಕೀಟು ತೆಗೆದುಕೊಂಡು, ‘ನಾಳೆಯಿಂದ ಬರಬೇಡ’ ಎಂದರು.

ಮಳೆಯಲ್ಲಿ ಮನೆಗೆ ಬಂದೆವು. ಅವಳು ಮುಂದೆ, ನಾನು ಹಿಂದೆ. ಛತ್ರಿ ನನ್ನ ಹತ್ತಿರವಿತ್ತು. ತೆರೆಯದೆ ಕಂಕುಳಲ್ಲೇ ಇಟ್ಟುಕೊಂಡು ನಡೆದೆ.

ಮರುದಿನ ಬೆಳಿಗ್ಗೆ ಅವಳು ಎದ್ದು, ಬುತ್ತಿ ಕಟ್ಟಿಕೊಂಡು ನಾಕಾಕ್ಕೆ ಹೋಗಿ ನಿಂತಳು. ನಾನು ಟವರಿಗೆ ಹೋದೆ.

ಅಣವೀರಪ್ಪ


ಪೊಲೀಸ್ ತರಬೇತಿ ಕೇಂದ್ರ
೭ ಜುಲೈ ೨೦೨೪

ಅಪ್ಪಾ,

ನಿನ್ನ ಪತ್ರವನ್ನು ಕಾನೂನಿನ ಪುಸ್ತಕದೊಳಗೆ ಇಟ್ಟು ಕ್ಲಾಸಿನಲ್ಲೇ ಓದಿದೆ. ‘ಮಿಸ್ತ್ರಿ, ಮೊದಲ ನೀವು ಇಳೀರಿ’ ಅಂತ ಬಂದ ಕೂಡಲೇ ಜೋರಾಗಿ ನಕ್ಕುಬಿಟ್ಟೆ. ಉಸ್ತಾದ್ ಮೈದಾನಕ್ಕೆ ಮೂರು ಸುತ್ತು ಓಡಿಸಿದರು. ಓಡ್ತಾ ಓಡ್ತಾ ಅಳು ಬಂತು.

ಇಲ್ಲಿ ನಮಗೆ ಕಲಿಸ್ತಾರೆ ಅಪ್ಪಾ, ರಸ್ತೆಯಲ್ಲಿ ಕೈ ಎತ್ತಿ ಗಾಡಿ ನಿಲ್ಲಿಸುವಾಗ ಗಾಡಿಯಲ್ಲಿ ಯಾರಿದ್ದಾರೆ ಅಂತ ನೋಡಬಾರದು. ಹೇಳೋದು ಸುಲಭ. ಅವ್ವ ಅದನ್ನು ಮಾಡಿದಳು, ಅದೂ ಮೊದಲು ನಿನ್ನ ಮೇಲೆ. ನಾನು ಸ್ಕ್ವಾಡಿನಲ್ಲಿ ಎಲ್ಲರಿಗೂ ಹೇಳಿದೆ. ಅವಳ ಫೋಟೋ ತೋರಿಸು ಅಂತ ಹುಡುಗಿಯರೆಲ್ಲ ಕೇಳಿದರು.

ಭಾನುವಾರ ಅವ್ವ ಕೆಲಸದ ಮಾತೇ ತೆಗೆಯಲಿಲ್ಲ. ಇಡೀ ಹೊತ್ತು ನಾನು ಏನು ತಿಂದೆ ಅಂತ ಕೇಳಿದಳು. ನೀನು ಅವಳಿಗೆ ಏನಾದರೂ ಹೇಳಿದೆಯಾ?

ಸೋನಾಲಿ


ಘಾಟ್‌ಕೋಪರ್
೨೮ ಜುಲೈ ೨೦೨೪

ಸೋನಾಲಿ,

ಅವಳಿಗೆ ಏನೂ ಹೇಳಲಿಲ್ಲ. ನಿನಗೆ ಹೇಳುತ್ತೇನೆ, ನಿನ್ನಲ್ಲೇ ಇರಲಿ.

ಅವಳ ಜಾಗಕ್ಕೆ ಬೇರೆ ಟವರಿನಿಂದ ಒಬ್ಬ ತರುಣನನ್ನು ತಂದರು. ಕಿವಿಯಲ್ಲಿ ಹಾಡು, ಕಣ್ಣು ಮೊಬೈಲಿನಲ್ಲಿ. ಬಾಗಿಲ ಕೊಂಡಿ ಅರ್ಧ ಕೂತಿರುವಾಗಲೇ ಗುಂಡಿ ಒತ್ತುತ್ತಾನೆ. ಮೊದಲಾಗಿದ್ದರೆ ನಾನಿದನ್ನು ಗಮನಿಸುತ್ತಿರಲಿಲ್ಲ. ಎರಡು ಸಲ ಎಳೆದು ನೋಡುವ ಕೈಯನ್ನು ದಿನಾ ನೋಡಿ ನೋಡಿ ರೂಢಿಯಾಗಿತ್ತು. ಒಂದು ದಿನ ಅವನ ಪಿಂಜರಾದಲ್ಲಿ ಹೋದೆ. ಮೇಲೆ ಮುಟ್ಟುವವರೆಗೆ ನನ್ನ ಕಣ್ಣು ಆ ಕೊಂಡಿಯ ಮೇಲೇ ಇತ್ತು. ಮರುದಿನ ಸಾಲಿನಲ್ಲಿ ನಿಲ್ಲಲಿಲ್ಲ. ಕರಣಿ, ಗೋಡೆ ಸಮ ಮಾಡುವ ರಂಧಾ, ಗುಂಡುದಾರ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ.

ಹದಿನೆಂಟನೇ ಮಜಲಾ ಅಂದರೆ ನನ್ನ ಮೊಣಕಾಲಿಗೆ ಸಣ್ಣ ಮಾತಲ್ಲ. ಶಶಿಕಾಂತ ಸಾಹೇಬರು ನಡುವೆ ಎದುರಾದರು. “ಕ್ಯಾ ಮಿಸ್ತ್ರಿ, ಲಿಫ್ಟ್ ಬಂದ್ ಹೈ ಕ್ಯಾ?”

“ಚಾಲೂ ಹೈ ಸಾಹೇಬ್,” ಎಂದೆ. ಮುಂದಕ್ಕೆ ಹತ್ತಿದೆ.

ಯಾರಿಗೂ ಬಾ ಎನ್ನಲಿಲ್ಲ. ಮೂರನೇ ದಿನ ಟೈಲ್ಸ್‌ನವರು ನನ್ನ ಹಿಂದೆ ಬಂದರು. ಆಮೇಲೆ ಕಸ ಹೊಡೆಯುವ ಹೆಂಗಸರು. ಅವಳ ಲಿಫ್ಟಿಗೆ ಕಾಲಿಡುವುದಿಲ್ಲ ಎಂದಿದ್ದ ಆ ಸೆಂಟ್ರಿಂಗ್‌ನವರೂ ಬಂದರು. ಅವರಲ್ಲೊಬ್ಬ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತ, ‘ತಾಯಿ ಇದ್ದಾಗ ನಿದ್ದೆ ಮಾಡಿ ಹೋಗಬಹುದಿತ್ತು’ ಎಂದ. ಕೊನೆಗೊಂದು ದಿನ ಖಂಡಪ್ಪನೂ ಹೊಟ್ಟೆ ಹಿಡಿದುಕೊಂಡು ಹತ್ತಿಬಂದ. “ಎಲ್ಲಾರೂ ಮೆಟ್ಟಲ ಹತ್ತಿದ್ರ ಕೆಲಸ ಯಾವಾಗ ಮಾಡೂದು ಮಾರಾಯಾ? ಹಾಜರಿ ಹಿಡಿಯೂದರಾಗs ಮಧ್ಯಾಹ್ನ ಆಗ್ಲತ್ತದ,” ಎಂದು ನನ್ನನ್ನು ಬೈದ. ಬೈದು, ನೀರು ಕುಡಿದು, ಅವನೇ ಹೋಗಿ ಸಾಹೇಬರ ಹತ್ತಿರ ಮಾತಾಡಿದ. ಅವನ ಬಾಯಿಂದ ಒಂದು ಒಳ್ಳೆಯ ಕೆಲಸವಾಯಿತು.

ಸಾಹೇಬರು ಕೆಟ್ಟವರಲ್ಲ. ಮೊದಲು ಭೋಂಗಾ ರಿಪೇರಿ ಮಾಡಿಸಿದರು. ಅದು ಸರಿಯಾದ ಮೇಲೆ, ಆ ದಿನ ಒಟ್ಟಿದಷ್ಟೇ ಚೀಲ ಒಟ್ಟಿಸಿ ತಾವೇ ನೋಡಿದರಂತೆ. ಒಟ್ಟುವುದು ಮುಗಿಯುವ ಮೊದಲೇ ಭೋಂಗಾ ಕಿರುಚಿತು. ಆಮೇಲೆ ನಿನ್ನ ಅವ್ವನಿಗೆ ಫೋನ್ ಮಾಡಿದರು. ಅವಳು ನಾಕಾದಲ್ಲಿ ನಿಂತಿದ್ದಳು. ‘ಬರ್ತೀನಿ ಸಾಹೇಬ್ರ. ಪಿಂಜರಾದ ಬಾಗಿಲದಾಗ ನನ್ನ ಮಾತು ಕಡೀ ಮಾತು’ ಎಂದಳಂತೆ. ಅವರು ಒಪ್ಪಿದರು. ಸೋಮವಾರದಿಂದ ಮತ್ತೆ ಗುಂಡಿಯ ಮುಂದೆ ನಿಂತಿದ್ದಾಳೆ.

ಮೆಟ್ಟಿಲಿನ ವಿಷಯ ಅವಳಿಗೆ ಗೊತ್ತಿಲ್ಲ. ಮಂದಿಗೂ ಹೇಳಬೇಡಿ ಎಂದಿದ್ದೇನೆ. ಗೊತ್ತಾದರೆ ಕೆಲಸ ತನ್ನಿಂದ ಬಂತೋ ನನ್ನಿಂದ ಬಂತೋ ಎಂದು ಯೋಚನೆ ಹತ್ತೀತು. ಅವಳಿಂದಲೇ ಬಂದದ್ದು.

ನಿನ್ನ ಅಪ್ಪ
ಅಣವೀರಪ್ಪ


ಪೊಲೀಸ್ ತರಬೇತಿ ಕೇಂದ್ರ
೧೮ ಆಗಸ್ಟ್ ೨೦೨೪

ಅಪ್ಪಾ,

ಇನ್ನು ನನ್ನ ಕೈಲಿ ಆಗೋದಿಲ್ಲ.

ಅವ್ವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಆ ಸಂಜೆ ನೀನು ಮನೆಯ ಹೊಸ್ತಿಲು ದಾಟುವಾಗ ಗೋಡೆ ಹಿಡಿದೆಯಂತೆ. ಮಳೆಗಾಲದ ಥಂಡಿ ಅಂತ ಹೇಳಿ ಅವಳು ನಿನ್ನ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳಲ್ಲ? ಥಂಡಿಗಲ್ಲ ಅಪ್ಪಾ. ನನಗೆ ಹೇಳಿದ್ದು ಹೀಗೆ: “ನಿಮ್ಮಪ್ಪ ನನ್ನ ಸಲುವಾಗಿ ಮೆಟ್ಟಲ ಹತ್ಲತ್ತಾರ. ನನಗ ಗೊತ್ತಿಲ್ಲ ಅಂತ ತಿಳ್ಕೊಂಡಾರ. ಹಂಗೇ ತಿಳ್ಕೊಳ್ಳಲಿ. ನೀ ಹೇಳಬ್ಯಾಡ.”

ನೀನೂ ಹೇಳಬೇಡ ಅಂತೀ, ಅವಳೂ ಹೇಳಬೇಡ ಅಂತಾಳೆ. ನಾನು ಇಲ್ಲಿ ಊರಾಚೆ ಕೂತು ನಿಮ್ಮಿಬ್ಬರ ಗುಟ್ಟು ಕಾಯ್ತಾ ಇದ್ದೀನಿ. ಇದು ಪೊಲೀಸ್ ಕೆಲಸ ಅಲ್ಲ. ಮನೆಯಲ್ಲಿ ಇರೋದು ಒಂದೇ ಖೋಲಿ. ಮಾತಾಡಿರಿ.

ನಿಮ್ಮಿಬ್ಬರ
ಸೋನಾಲಿ


ಘಾಟ್‌ಕೋಪರ್
೨೦ ಅಕ್ಟೋಬರ್ ೨೦೨೪

ಮಗಳು ಸೋನಾಲಿಗೆ,

ನಿನ್ನ ಟ್ರೇನಿಂಗ್ ಮುಗಿಯುವ ಪರೇಡಿಗೆ ಬರಲು ಇಬ್ಬರದೂ ರಜೆ ಮಂಜೂರಾಯಿತು. ಶಶಿಕಾಂತ ಸಾಹೇಬರು ತಾವಾಗಿಯೇ ಹೇಳಿದರು.

ಹಿಂದಿನ ಪತ್ರಕ್ಕೆ ಉತ್ತರ ಬರೆಯದ್ದಕ್ಕೆ ಕಾರಣವಿದೆ. ನೀನು ಬೈದದ್ದು ಸರಿ. ಆದರೆ ಬೈದ ಕೂಡಲೇ ಮಾತು ಬರಲು ನಾನೇನು ಇಪ್ಪತ್ತು ವರ್ಷದವನೇ? ಎಣ್ಣೆ ತಿಕ್ಕುವಾಗ ಒಮ್ಮೆ ಬಾಯಿ ತೆರೆದೆ. ‘ಇನ್ನು ಮಳಿ ಕಡಿಮಿ ಆಗ್ತದ’ ಎಂದೆ, ಅಷ್ಟೇ.

ಹೋದ ತಿಂಗಳು ಟವರಿಗೆ ಪ್ಲಾಸ್ಟರ್ ಮಷೀನು ಬಂತು. ದಪ್ಪನೆ ಪೈಪು, ತುದಿಯಲ್ಲಿ ನಳಿಗೆ. ಗುಂಡಿ ಒತ್ತಿದರೆ ಮಾಲು ತಾನಾಗಿ ಗೋಡೆಗೆ ಬಡಿಯುತ್ತದೆ. ನಾನು ಒಂದು ದಿನ ಬಳಿಯುವ ಗೋಡೆ ಅದಕ್ಕೆ ಚಹಾ ಕುಡಿಯುವ ಹೊತ್ತಿನ ಕೆಲಸ. ನಳಿಗೆ ಹಿಡಿಯಲು ಹಳೇ ಮಿಸ್ತ್ರಿಗಳೇ ಬೇಕು, ಕಲಿಸುತ್ತೇವೆ, ಯಾರು ಬರುತ್ತೀರಿ ಎಂದು ಕೇಳಿದರು. ನಮ್ಮ ಕಡೆಯವರು ಒಬ್ಬರೂ ಏಳಲಿಲ್ಲ. ಕರಣಿ ಹಿಡಿದ ಕೈಯಲ್ಲಿ ಪೈಪು ಹಿಡಿದು ತೋಟಕ್ಕೆ ನೀರು ಬಿಟ್ಟ ಹಾಗೆ ನಿಲ್ಲುವುದೇ? ನಾನೂ ತಲೆ ಅಲ್ಲಾಡಿಸಿ ಬಂದೆ.

ಅವಳಿಗೆ ಸುದ್ದಿ ಮುಟ್ಟಿತ್ತು. ಪಿಂಜರಾದಲ್ಲಿ ಎಲ್ಲ ಸುದ್ದಿಯೂ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳಿದಳು:

“ಬ್ಯಾಡ ಅಂದ್ರಂತ?”

“ಹೂಂ.”

“ಅಂಜಿಕಿ ಬಂತೇನು?”

ನನಗೆ ಸಿಟ್ಟು ಬಂತು. “ನನಗ್ಯಾತರ ಅಂಜಿಕಿ?” ಎಂದೆ.

ರೊಟ್ಟಿ ಹೆಂಚಿಗೆ ಹಾಕಿದಳು. “ನನಗ ಬಂದಿತ್ತು. ಮೊದಲನೇ ದಿನ ಪಿಂಜರಾ ನೆಲಾ ಬಿಟ್ಟ ಕೂಡ್ಲೆ ಕಣ್ಣು ಮುಚ್ಕೊಂಡು ಅಲ್ಲೇ ಕುಂತೆ. ಮ್ಯಾಲ ಹೋಗಿ, ಇಳೀಲಾಕ ಬರಲಾರದs, ಕಂಬ ಹಿಡ್ಕೊಂಡು ಅತ್ತೀನಿ. ಕಲಿಸೂ ಮುದುಕ ನೀರ ಕೊಟ್ಟ. ಒಂದು ವಾರ ಹಿಂಗೇ ಆಯ್ತು. ದಿನಾ ಬಸ್ಸಿನ್ಯಾಗ ಕುಂತು, ಇವತ್ತು ಹೋಗಬಾರದು, ಇಳದು ಮನಿಗಿ ಹೋಗಬೇಕು ಅಂತಿದ್ದೆ.”

“ನನಗ ಹೇಳಲಿಲ್ಲಲ್ಲ.”

“ಹೇಳಿದ್ರ, ಬಿಡು ಅಂತಿದ್ರಿ. ನಾ ಬಿಟ್ಟಬಿಡ್ತಿದ್ದೆ.”

ಎಷ್ಟು ವರ್ಷ ಈ ಹೆಂಗಸು ನಾನು ಕಟ್ಟಿದ ಬಿದಿರಿನ ಅಟ್ಟಣಿಗೆಯ ಮೇಲೆ, ಹಲಗೆಯ ಮೇಲೆ, ತಲೆಯಲ್ಲಿ ಬುಟ್ಟಿ ಹೊತ್ತು ನಡೆದಿದ್ದಾಳೆ. ಅವಳಿಗೆ ಎತ್ತರದ ಅಂಜಿಕೆ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಕೇಳಿದೆ. ಇತ್ತು, ಮೊದಲಿನಿಂದಲೂ ಇತ್ತು ಎಂದಳು. ಆಗೆಲ್ಲ ಮುಂದೆ ನಾನು ನಡೆಯುತ್ತಿದ್ದೆನಲ್ಲ, ನನ್ನ ಬೆನ್ನು ನೋಡುತ್ತ ಬರುತ್ತಿದ್ದಳಂತೆ. ಪಿಂಜರಾದಲ್ಲಿ ನೋಡಲು ಯಾರ ಬೆನ್ನೂ ಇರಲಿಲ್ಲ.

ಆಮೇಲೆ ನಾನೂ ಹೇಳಿದೆ. ಮೆಟ್ಟಿಲ ಮಾತು, ಛತ್ರಿಯ ಮಾತು. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅದನ್ನೇ ಮುರಿದುಕೊಂಡು ತಿಂದೆವು. ಉಳಿದದ್ದು ನಿನಗೆ ಬರೆಯುವುದಿಲ್ಲ.

ಸೋಮವಾರ ಹೋಗಿ ನಳಿಗೆ ಹಿಡಿದೆ. ಮೊದಲ ಸಲ ಒತ್ತಿದಾಗ ಮಾಲು ಗೋಡೆಗೆ ಬಡಿದು ಸಿಡಿದು ಪೂರ್ತಿ ನನ್ನ ಮುಖಕ್ಕೇ ಬಂತು. ಮೀಸೆ, ಹುಬ್ಬು ಎಲ್ಲ ಬಿಳಿ. ಸುತ್ತ ನಿಂತವರು ಹೊಟ್ಟೆ ಹಿಡಿದು ನಕ್ಕರು. ಖಂಡಪ್ಪ ಕೆಳಗಿನ ಮಜಲಾದಿಂದ ಓಡಿ ಬಂದ, ನೋಡಿ ನಗಬೇಕೆಂದೇ. ನಾನೂ ನಕ್ಕೆ. ಬಾಯಲ್ಲಿ ಸಿಮೆಂಟು ಇಟ್ಟುಕೊಂಡು ನಗುವುದು ಕಷ್ಟ. ಎರಡನೇ ಗೋಡೆ ಅರ್ಧ ಜಾರಿ ಬಿತ್ತು. ಮೂರನೆಯದು ನಿಂತಿತು.

ಊಟದ ಹೊತ್ತಿಗೆ ಪಿಂಜರಾ ಹದಿನೆಂಟಕ್ಕೆ ಬಂದು ನಿಂತ ಸದ್ದು ಕೇಳಿತು. ಅವಳು ಬಾಗಿಲಿಗೆ ಕೊಂಡಿ ಹಾಕಿ ಒಳಗೆ ಬಂದಳು. ಟೊಪ್ಪಿಗೆ ತೆಗೆಯಲಿಲ್ಲ. ನಾನು ಬಳಿದ, ಅಲ್ಲ, ನಾನು ಹೊಡೆದ ಗೋಡೆಯ ಮುಂದೆ ನಿಂತು ನೋಡಿದಳು. ಅಂಗೈಯನ್ನು ಗೋಡೆಗೆ ಮುಟ್ಟಿಯೂ ಮುಟ್ಟದ ಹಾಗೆ ಈ ತುದಿಯಿಂದ ಆ ತುದಿಗೆ ಒಯ್ದಳು. ಮೆಚ್ಚುತ್ತಾಳೆ ಎಂದು ನಾನು ಕಾಯುತ್ತ ನಿಂತಿದ್ದೆ.

“ಇಲ್ಲಿ ದಪ್ಪ ಆಗ್ಯಾದ,” ಎಂದಳು.

ರಂಧಾ ಇಟ್ಟು ನೋಡಿದೆ. ಆಗಿತ್ತು. ಕೆರೆದು ಸರಿ ಮಾಡಿದೆ. ಅವಳು ಪಕ್ಕದಲ್ಲಿ ನಿಂತು ಕೆಳಗೆ ಬಿದ್ದ ಮಾಲನ್ನು ಎತ್ತಿ ಕೊಟ್ಟಳು.

ನಿನ್ನ ಅಪ್ಪ
ಅಣವೀರಪ್ಪ